ನೇರಳೆ ಎಲೆಯ ಗಿಡದ ಹೆಸರೇನು?

ನೆಂಟರ ಮನೆಗೆ ಹೋದಾಗ ನಾವು ಹೆಂಗಸರು ಮೊದಲು ನೋಡುವುದು ಏನನ್ನು? ಒಳಗಿನ ಸೋಫಾವನ್ನಂತೂ ಅಲ್ಲ. ಅಂಗಳದಲ್ಲಿ, ಕಟ್ಟೆಯ ಮೇಲೆ, ಕಿಟಕಿಯ ಪಕ್ಕ ಇಟ್ಟ ಗಿಡಗಳನ್ನು! “ಇದು ನಮ್ಮಲ್ಲಿ ಇಲ್ವಲ್ಲ, ಒಂದು ತುಂಡು ಕೊಡ್ತೀರಾ?” ಅಂತ ಕೇಳದೆ ಹೊರಟು ಬಂದ ಮಲೆನಾಡಿನ ಹೆಂಗಸನ್ನು ನಾನಂತೂ ಕಂಡಿಲ್ಲ. ಬಸ್ಸಿನಲ್ಲಿ ಬರುವಾಗ ಬ್ಯಾಗಿನ ಬಾಯಿಂದ ಒಂದೆರಡು ಎಲೆ ಹೊರಗೆ ಇಣುಕದಿದ್ದರೆ ನೆಂಟರ ಮನೆಗೆ ಹೋಗಿ ಬಂದಂತೆಯೇ ಅಲ್ಲ.

ಹಾಗೆ ಸಾಗರದ ಒಂದು ಗೃಹಪ್ರವೇಶದಿಂದ ನಮ್ಮ ಕ್ಯಾಸನೂರಿನ ಮನೆಗೆ ಒಂದು ಗಿಡ ಬಂತು. ಎಲೆ ಕತ್ತಿಯ ಹಾಗೆ ಉದ್ದ, ಮೇಲೆ ಹಸಿರು, ಅಡಿಗೆ ಕಡು ನೇರಳೆ. ಕೊಟ್ಟವರಿಗೂ ಹೆಸರು ಗೊತ್ತಿರಲಿಲ್ಲ. ಹಳೆಯ ಪೇಂಟ್ ಡಬ್ಬದಲ್ಲಿ ನೆಟ್ಟೆ. ಹದಿನೈದು ದಿನಕ್ಕೆ ಚಿಗುರಿತು. ನೋಡಿದವರೆಲ್ಲ ಒಂದೊಂದು ಹೆಸರಿಟ್ಟರು. ಒಬ್ಬರು ಕ್ರೋಟನ್ ಅಂದರು, ಇನ್ನೊಬ್ಬರು ಲಿಲ್ಲಿ ಅಂದರು. ಪಕ್ಕದ ಮನೆಯ ಹಿರಿಯರೊಬ್ಬರು ಎಲೆ ಮಗುಚಿ ನೋಡಿ, “ಅಯ್ಯೋ ಮಾರಾಯ್ತಿ, ಇದು ಇನ್ಸುಲಿನ್ ಗಿಡ ಅಲ್ದನೇ! ಅಡಿಗೆ ನೇರಳೆ ಇದ್ರೆ ಅದೇಯ. ದಿನಾ ಬೆಳಿಗ್ಗೆ ಎರಡು ಎಲೆ ತಿಂದ್ರೆ ಸಕ್ಕರೆ ಕಾಯಿಲೆ ಹತ್ರ ಬರೂದಿಲ್ಲ” ಅಂದುಬಿಟ್ಟರು.

ನಾನು ನಕ್ಕು ಸುಮ್ಮನಾದೆ. ಆದರೆ ಒಳಗೆ ಕೂತಿದ್ದ ನಮ್ಮ ಅತ್ತೆಯವರ ಕಿವಿಗೆ ಅದು ಬಿದ್ದಿತ್ತು. ಅವರಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ.

ಹತ್ತು ದಿನದಲ್ಲಿ ಆದದ್ದು

ಮೊದಲ ದಿನ ಅತ್ತೆಯವರು ಒಂದು ಎಲೆಯ ತುದಿ ಅಗಿದರಂತೆ. ನಾಲಿಗೆ, ಗಂಟಲು ಎಲ್ಲ ತುರಿಸಿದೆ. “ಮದ್ದು ಅಂದ್ಮೇಲೆ ಸ್ವಲ್ಪ ತುರಿಸ್ಲಿ ಬಿಡು” ಎಂದುಕೊಂಡು ಮರುದಿನದಿಂದ ಎಲೆ ಕುದಿಸಿ ಕಷಾಯ ಮಾಡಿ ಕುಡಿಯತೊಡಗಿದ್ದಾರೆ. ನನಗೆ ಗೊತ್ತಾಗದಂತೆ, ನಾನು ಹಾಲು ಕರೆಯಲು ಕೊಟ್ಟಿಗೆಗೆ ಹೋದ ಹೊತ್ತಿನಲ್ಲಿ! ಅದಕ್ಕಿಂತ ಹೆಚ್ಚಿನ ವಿಷಯ ಏನೆಂದರೆ, ಕಷಾಯ ಇದೆಯಲ್ಲ ಅಂತ ರಾತ್ರಿಯ ಮಾತ್ರೆಯನ್ನೇ ಬಿಟ್ಟುಬಿಟ್ಟಿದ್ದರು.

ಹತ್ತನೇ ದಿನ ತಲೆ ಸುತ್ತು, ವಿಪರೀತ ಬಾಯಾರಿಕೆ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಖಾಲಿ ಹೊಟ್ಟೆಯ ಸಕ್ಕರೆ 310 ಇತ್ತು. “ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ ಅಮ್ಮ?” ಅಂತ ಡಾಕ್ಟರು ಕೇಳಿದರೆ ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಮೇಲೆ ಎಲ್ಲ ಹೊರಗೆ ಬಂತು.

ಆ ವಾರ ನಾದಿನಿಯ ಮಗಳು ಅಜ್ಜಿಯನ್ನು ನೋಡಲು ಬಂದಿದ್ದಳು. ಪಿಯುಸಿಯಲ್ಲಿ ಸೈನ್ಸು. ಕಟ್ಟೆಯ ಮೇಲಿನ ಡಬ್ಬ ನೋಡಿದವಳೇ, “ಅತ್ತೆ, ಇದು ನಮ್ಮ ಲ್ಯಾಬಿನ ರಿಯೋ! ಇದರ ಎಲೆ ಅಡಿಯ ಸಿಪ್ಪೆ ಸುಲಿದು ಸಕ್ಕರೆ ನೀರಿಗೆ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತೀವಿ. ನೇರಳೆ ಬಣ್ಣ ಒಳಗೆ ಮುದುಡ್ಕೊಳ್ಳತ್ತೆ” ಅಂದಳು. ಸಕ್ಕರೆ ನೀರಿಗೆ ಹಾಕುವ ಎಲೆಯನ್ನು ನಾವು ಸಕ್ಕರೆ ಕಾಯಿಲೆಗೆ ಹಾಕಿದ್ದೆವು! ಆಮೇಲೆ ನಗು ಬಂತು, ಆದರೆ ಆ ಹತ್ತು ದಿನ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ಗಿಡದ ಪೂರ್ತಿ ಹೆಸರು ಟ್ರೇಡ್‌ಸ್ಕ್ಯಾಂಶಿಯಾ ಸ್ಪಥೇಸಿಯಾ. ರಿಯೋ ಡಿಸ್ಕಲರ್ ಅನ್ನುವುದು ಅದರ ಹಳೆಯ ಹೆಸರು, ಕಾಲೇಜಿನ ಲ್ಯಾಬುಗಳಲ್ಲಿ ಇನ್ನೂ ಅದೇ ಚಾಲ್ತಿ. ತವರು ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲ, ಬೆಲೀಜ್. ಅದರ ರಸ ಬಾಯಿ, ಗಂಟಲು, ಚರ್ಮಕ್ಕೆ ತುರಿಕೆ ತರುತ್ತದೆ. ನಿಜವಾದ ಇನ್ಸುಲಿನ್ ಗಿಡ ಬೇರೆಯೇ. ಅದು ಶುಂಠಿಯ ದೂರದ ಬಂಧು. ಅದರ ಎಲೆಗಳು ಕಾಂಡದ ಸುತ್ತ ಸುರುಳಿ ಮೆಟ್ಟಿಲಿನ ಹಾಗೆ ಜೋಡಿಸಿಕೊಂಡಿರುತ್ತವೆ, ರುಚಿ ಹುಳಿ, ತುದಿಯಲ್ಲಿ ಕಿತ್ತಳೆ ಬಣ್ಣದ ಹೂ. ಎಳೆ ಎಲೆಯ ಅಡಿ ತಿಳಿ ನೇರಳೆ ಇರುತ್ತದೆ ಅನ್ನುವುದೊಂದೇ ಇವೆರಡಕ್ಕೂ ಹೋಲಿಕೆ. ಅಂದಹಾಗೆ, ನಿಜವಾದ ಇನ್ಸುಲಿನ್ ಗಿಡವೂ ಮಾತ್ರೆಗೆ ಬದಲಿ ಅಲ್ಲ. ಅದರ ಮೇಲಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಇಲಿಗಳ ಮೇಲೆ ನಡೆದವು. ವೈದ್ಯರಿಗೆ ಹೇಳದೆ ಮಾತ್ರೆ ಬಿಡುವ ಕೆಲಸ ಯಾರೂ ಮಾಡಬೇಡಿ.

ಅಜ್ಜಿಗೆ ಗೊತ್ತಿದ್ದ ಸೊಪ್ಪು ಬೇರೆ

ನಮ್ಮ ಕಡೆ ಭೂಮಿ ಹುಣ್ಣಿಮೆ ಬಂದರೆ ಹೆಂಗಸರು ಬುಟ್ಟಿ ಹಿಡಿದು ಬೇಲಿ, ಗದ್ದೆ ಬದು, ಗುಡ್ಡ ಸುತ್ತಿ ಬಗೆಬಗೆಯ ಸೊಪ್ಪು ತರುತ್ತಾರೆ. ಬೆರಕೆ ಸೊಪ್ಪು ಬೇಯಿಸಿ ಭೂತಾಯಿಗೆ ಚರಗ ಚೆಲ್ಲುತ್ತಾರೆ. ಒಂದೊಂದು ಸೊಪ್ಪಿನ ಹೆಸರು, ಗುಣ, ಯಾವುದಕ್ಕೆ ಹುಳಿ ಹಾಕಬೇಕು, ಯಾವುದನ್ನು ಮುಟ್ಟಬಾರದು ಎಲ್ಲವೂ ಅಜ್ಜಿಯಂದಿರಿಗೆ ಬಾಯಿಪಾಠ. ದೊಡ್ಡಪತ್ರೆ, ಒಂದೆಲಗ ಸಿಕ್ಕರೆ ತಂಬುಳಿ, ಕೆಸುವಿನ ಎಲೆ ಸಿಕ್ಕರೆ ಪತ್ರೊಡೆ. ಆ ತಿಳಿವಳಿಕೆ ತಲೆಮಾರುಗಳಿಂದ ಬಂದದ್ದು, ಅದನ್ನು ನಂಬಬಹುದು.

ಆದರೆ ಈಗ ಕುಂಡದಲ್ಲಿ ಬೆಳೆಸುವ ನೇರಳೆ ಗಿಡಗಳಲ್ಲಿ ಮುಕ್ಕಾಲು ಪಾಲು ಮೆಕ್ಸಿಕೋ, ಬ್ರೆಜಿಲ್, ಜಾವಾ ಕಡೆಯಿಂದ ಬಂದವು. ಅಜ್ಜಿಯ ಪುಸ್ತಕದಲ್ಲಿ ಅವುಗಳ ಪುಟವೇ ಇಲ್ಲ. “ನೋಡಲು ಹಾಗೇ ಇದೆ” ಅಂತ ಹಳೆಯ ಹೆಸರನ್ನು ಹೊಸ ಗಿಡಕ್ಕೆ ಅಂಟಿಸಿದಾಗಲೇ ಎಡವಟ್ಟು ಆಗುವುದು.

ಬಣ್ಣವೊಂದನ್ನೇ ನೋಡಿದರೆ ಗಿಡದ ಜಾತಿ ತಿಳಿಯುವುದಿಲ್ಲ. ಎಲೆಗೆ ನೇರಳೆ ಬಣ್ಣ ಕೊಡುವುದು ಹೆಚ್ಚಾಗಿ ಆಂಥೋಸಯನಿನ್ ಅನ್ನುವ ವಸ್ತು. ನೇರಳೆ ಹಣ್ಣಿನಲ್ಲಿ, ಬದನೆಯ ಸಿಪ್ಪೆಯಲ್ಲಿ, ಮುರುಗಲ ಹಣ್ಣಿನಲ್ಲಿ ಇರುವುದೂ ಅದೇ. ತಿನ್ನುವ ಹಣ್ಣಿನಲ್ಲೂ ಇದೆ, ತಿನ್ನಬಾರದ ಎಲೆಯಲ್ಲೂ ಇದೆ. ಹಾಗಾಗಿ “ನೇರಳೆ ಇದ್ರೆ ಅದೇಯ” ಅನ್ನುವ ಮಾತು ನಡೆಯುವುದಿಲ್ಲ.

ಗುರುತು ಹಿಡಿಯುವ ಆರು ಪ್ರಶ್ನೆ

ಹೆಸರು ಗೊತ್ತಿಲ್ಲದ ಗಿಡ ಮನೆಗೆ ಬಂದರೆ ಗಡಿಬಿಡಿ ಬೇಡ. ಬೆಳಿಗ್ಗೆಯ ಬೆಳಕಿನಲ್ಲಿ ಕೂತು ಒಂದು ಚೀಟಿಯಲ್ಲಿ ಇವಕ್ಕೆ ಉತ್ತರ ಬರೆಯಿರಿ.

1. ಕಾಂಡ ದುಂಡಗೋ, ಚೌಕವೋ? ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ತುಳಸಿ, ದೊಡ್ಡಪತ್ರೆಯ ಬಂಧುಗಳಾದರೆ ಮೂಲೆ ತಾಗುತ್ತದೆ.

2. ಎಲೆಗಳು ಎದುರು ಬದುರು ಜೋಡಿಯಾಗಿವೆಯೋ, ಒಂದಾದ ಮೇಲೊಂದು ಬಂದಿವೆಯೋ, ಕಾಂಡವನ್ನು ಸುತ್ತಿಕೊಂಡು ಹೋಗಿವೆಯೋ?

3. ಎಲೆಯ ಬುಡ ಕಾಂಡಕ್ಕೆ ಕೊಳವೆಯ ಹಾಗೆ ಸುತ್ತಿಕೊಂಡಿದೆಯೋ, ತೊಟ್ಟಿದೆಯೋ?

4. ನೇರಳೆ ಬಣ್ಣ ಎರಡೂ ಬದಿಗೋ, ಅಡಿಗೆ ಮಾತ್ರವೋ? ಗೆರೆ, ಪಟ್ಟೆ, ರೋಮ ಇದೆಯೋ?

5. ಎಲೆ ಮುರಿದರೆ ನೀರಿನಂಥ ರಸವೋ, ಹಾಲೋ? ಇದನ್ನು ನೋಡುವಾಗ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ, ಮುಖ ದೂರ ಇರಲಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

6. ಹೂ ಬಂದಿದೆಯೇ? ಬಂದಿದ್ದರೆ ಎಷ್ಟು ಎಸಳು?

ಇದರಲ್ಲಿ ರುಚಿ ನೋಡುವ ಪ್ರಶ್ನೆ ಇಲ್ಲ, ಗಮನಿಸಿ. ಗುರುತು ಹಿಡಿಯಲು ನಾಲಿಗೆಯನ್ನು ಬಳಸುವ ಅಭ್ಯಾಸ ಬಿಟ್ಟುಬಿಡಿ.

ನಿಮ್ಮ ಮನೆಯಲ್ಲಿರುವುದು ಯಾವುದು?

*ಪರ್ಪಲ್ ಹಾರ್ಟ್:* ಕಾಂಡ, ಎಲೆ ಎಲ್ಲವೂ ನೇರಳೆ. ಎಲೆಯ ಬುಡ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ಮೂರು ಎಸಳಿನ ಪುಟ್ಟ ಗುಲಾಬಿ ಹೂ. ನೆರಳಿನಲ್ಲಿಟ್ಟರೆ ಬಣ್ಣ ಮಾಸಿ ಹಸಿರಿಗೆ ತಿರುಗುತ್ತದೆ, ಬಿಸಿಲು ಬಿದ್ದರೆ ಮತ್ತೆ ಗಾಢವಾಗುತ್ತದೆ. ಟ್ರೇಡ್‌ಸ್ಕ್ಯಾಂಶಿಯಾ ಪಾಲಿಡಾ ಇದರ ಹೆಸರು. 1975ಕ್ಕೆ ಮೊದಲು ಇದನ್ನು ಸೆಟ್‌ಕ್ರೀಸಿಯಾ ಅಂತ ಕರೆಯುತ್ತಿದ್ದರು, ಕೆಲವು ನರ್ಸರಿಯವರು ಈಗಲೂ ಹಾಗೇ ಹೇಳುತ್ತಾರೆ. ಇದೂ ಮೆಕ್ಸಿಕೋದ್ದೇ.

*ವಾಂಡರಿಂಗ್ ಜ್ಯೂ:* ಎಲೆಯ ಮೇಲೆ ಬೆಳ್ಳಿ ಬಣ್ಣದ ಎರಡು ಪಟ್ಟೆ, ಅಡಿಗೆ ನೇರಳೆ. ತೂಗು ಕುಂಡದಿಂದ ಇಳಿಬೀಳುತ್ತದೆ. ಟ್ರೇಡ್‌ಸ್ಕ್ಯಾಂಶಿಯಾ ಜೆಬ್ರಿನಾ. ಜೀಬ್ರಾದ ಪಟ್ಟೆ ನೆನಪಿಟ್ಟುಕೊಂಡರೆ ಹೆಸರೂ ನೆನಪಿರುತ್ತದೆ.

*ರಿಯೋ:* ನಮ್ಮ ಮನೆಗೆ ಬಂದದ್ದು. ಎಲೆಗಳು ಬುಡದಿಂದಲೇ ಗೊಂಚಲಾಗಿ ಏಳುತ್ತವೆ. ಎಲೆಯ ಸಂದಿಯಲ್ಲಿ ದೋಣಿಯ ಆಕಾರದ ನೇರಳೆ ಚಿಪ್ಪು, ಅದರೊಳಗೆ ಬಿಳಿ ಹೂ. ಆ ದೋಣಿ ಕಂಡರೆ ಮತ್ತೆ ಅನುಮಾನವೇ ಬೇಡ. ಮೇಲಿನ ಮೂರೂ ಅಕ್ಕತಂಗಿಯರು. ಇಂಗ್ಲೆಂಡಿನ ತೋಟಗಾರ ಜಾನ್ ಟ್ರೇಡ್‌ಸ್ಕೆಂಟ್‌ನ ನೆನಪಿಗೆ ಈ ಕುಲಕ್ಕೆ ಹೆಸರು ಬಂದದ್ದು.

*ನೇರಳೆ ಹುಳಿಸೊಪ್ಪು:* ಚಿಟ್ಟೆ ರೆಕ್ಕೆಯಂಥ ಮೂರು ಎಲೆ, ರಾತ್ರಿ ಮಡಚಿಕೊಳ್ಳುತ್ತದೆ. ಮಣ್ಣಿನೊಳಗೆ ಪುಟ್ಟ ಗೆಡ್ಡೆ. ಆಕ್ಸಾಲಿಸ್ ಟ್ರಯಾಂಗ್ಯುಲಾರಿಸ್. ಅಂಗಳದ ಪುಲ್ಲಂಪುರಚಿ ಇದರ ಬಂಧು. ಬೇಸಿಗೆಯಲ್ಲಿ ಎಲೆ ಒಣಗಿದರೆ ಸತ್ತಿತು ಅಂತ ಎಸೆಯಬೇಡಿ, ಗೆಡ್ಡೆ ನಿದ್ದೆ ಮಾಡುತ್ತಿರುತ್ತದೆ.

*ಕೋಲಿಯಸ್:* ಚೌಕ ಕಾಂಡ, ಜೋಡಿ ಎಲೆ, ಅಂಚು ಗರಗಸ. ನೇರಳೆಯ ಜತೆ ಹಸಿರು, ಹಳದಿ, ಗುಲಾಬಿ ಚಿತ್ತಾರ. ದೊಡ್ಡಪತ್ರೆಯ ಕುಲದ್ದೇ, ಆದರೆ ತಂಬುಳಿಗೆ ಅಲ್ಲ!

*ಪರ್ಷಿಯನ್ ಶೀಲ್ಡ್:* ಎಲೆಗೆ ಲೋಹದ ಹೊಳಪು, ನರಗಳು ಮಾತ್ರ ಕಡು ಹಸಿರು. ಹೆಸರಿನಲ್ಲಿ ಪರ್ಷಿಯಾ ಇದ್ದರೂ ತವರು ಮ್ಯಾನ್ಮಾರ್. 2022ರಲ್ಲಿ ಚಿಕ್ಕಮಗಳೂರಿನ ಗಿರಿಗಳಲ್ಲಿ ಅರಳಿ ಜನಜಾತ್ರೆ ಸೇರಿಸಿತಲ್ಲ, ಆ ಕುರಿಂಜಿಯ ಕುಲದ್ದು ಇದು.

*ಮುರಿಕೂಟ್ಟಿ:* ನೆಲದಲ್ಲಿ ಹಬ್ಬುವ, ಬೂದು ನೇರಳೆ ಎಲೆಯ ಗಿಡ, ಪುಟ್ಟ ಬಿಳಿ ಹೂ. ಕೇರಳದಲ್ಲಿ ಗಾಯಕ್ಕೆ ಎಲೆ ಅರೆದು ಹಚ್ಚುವ ರೂಢಿಯಿದೆ, ಹೆಸರು ಬಂದದ್ದೂ ಅಲ್ಲಿಂದಲೇ.

*ವೆಲ್ವೆಟ್ ಗಿಡ:* ಎಲೆಯ ಮೈಯೆಲ್ಲ ನೇರಳೆ ರೋಮ, ಮುಟ್ಟಿದರೆ ಮಖಮಲ್. ಗೈನೂರಾ ಇದರ ಹೆಸರು. ಕಿತ್ತಳೆ ಬಣ್ಣದ ಹೂವಿಗೆ ಕೆಟ್ಟ ವಾಸನೆ, ಮೊಗ್ಗಿರುವಾಗಲೇ ಚಿವುಟಿ.

ಹಾಲು ಬಂದರೆ ಎಚ್ಚರ

ಐದನೇ ಪ್ರಶ್ನೆಗೆ “ಹಾಲು” ಅನ್ನುವ ಉತ್ತರ ಬಂದರೆ ಆ ಗಿಡ ಮಕ್ಕಳ ಕೈಗೆ ಎಟುಕುವಲ್ಲಿ ಬೇಡ. ನೇರಳೆ ಎಲೆಯ ಅಲಂಕಾರದ ಗಿಡಗಳಲ್ಲಿ ಇಂಥ ಎರಡು ನಮ್ಮಲ್ಲಿ ಸಾಮಾನ್ಯ. ಒಂದು, ಯುಫೋರ್ಬಿಯಾ ಕೊಟಿನಿಫೋಲಿಯಾ. ಪೊದೆಯಾಗಿ ಬೆಳೆಯುತ್ತದೆ, ದುಂಡನೆಯ ತೆಳು ಎಲೆ ಪೂರ್ತಿ ಕೆನ್ನೇರಳೆ. ಇನ್ನೊಂದು, ಎಕ್ಸೋಕೇರಿಯಾ. ಎಲೆ ಮೇಲೆ ಹೊಳೆಯುವ ಹಸಿರು, ಅಡಿಗೆ ಕೆಂಪು ನೇರಳೆ. ಎರಡರ ಹಾಲೂ ಚರ್ಮಕ್ಕೆ ಬಿದ್ದರೆ ಉರಿ, ಬೊಬ್ಬೆ. ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ.

ಎಕ್ಸೋಕೇರಿಯಾದ ಎಲೆಯ ವಿವರ ಓದಿದಾಗ ನನ್ನ ಮೈ ತಣ್ಣಗಾಯಿತು. ಮೇಲೆ ಹಸಿರು, ಅಡಿಗೆ ನೇರಳೆ! ಸಾಗರದಿಂದ ಬಂದ ತುಂಡು ರಿಯೋ ಆಗಿರದೆ ಇದೇ ಆಗಿದ್ದರೆ? ಅತ್ತೆಯವರು ಬರೀ ತುರಿಕೆಯಲ್ಲಿ ಪಾರಾಗುತ್ತಿರಲಿಲ್ಲ.

ಬಾಯಿಗೆ ಹೋಗಿಬಿಟ್ಟರೆ?

* ಮೊದಲು ಬಾಯಲ್ಲಿರುವ ಎಲೆ ತುಣುಕು ತೆಗೆದು ಚೆನ್ನಾಗಿ ಬಾಯಿ ಮುಕ್ಕಳಿಸಿ. ತಣ್ಣನೆಯ ನೀರು ಗುಟುಕರಿಸಲು ಕೊಡಿ.
* ವಾಂತಿ ಮಾಡಿಸಲು ಹೋಗಬೇಡಿ. ಉಪ್ಪು ನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಯಾವುದೂ ಬೇಡ.
* ತುಟಿ, ನಾಲಿಗೆ ಊದಿದರೆ, ಉಸಿರಿಗೆ ಕಷ್ಟವಾದರೆ, ಮಗು ಮಂಕಾದರೆ 108ಕ್ಕೆ ಫೋನ್ ಮಾಡಿ, ತಡ ಮಾಡದೆ ಆಸ್ಪತ್ರೆ ಸೇರಿಸಿ. ಹಾಲು ಬರುವ ಗಿಡವಾದರೆ ಏನೂ ತೊಂದರೆ ಕಾಣದಿದ್ದರೂ ತೋರಿಸಿ.
* ರಸ ಕಣ್ಣಿಗೆ ಬಿದ್ದರೆ ಉಜ್ಜದೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿ ತೊಳೆದು ವೈದ್ಯರಲ್ಲಿಗೆ ಹೋಗಿ.
* ಗಿಡದ ಒಂದು ರೆಂಬೆಯನ್ನು ಕವರಿನಲ್ಲಿ ಹಾಕಿ ಜತೆಗೇ ಒಯ್ಯಿರಿ. ಡಾಕ್ಟರಿಗೆ ನಿಮ್ಮ ವಿವರಣೆಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊಬೈಲು ಹೇಳಿದ್ದೆಲ್ಲ ವೇದವಾಕ್ಯವಲ್ಲ

ಈಗ ಗಿಡದ ಫೋಟೋ ತೆಗೆದರೆ ಮೊಬೈಲೇ ಹೆಸರು ಹೇಳುತ್ತದೆ. ಒಳ್ಳೆಯದೇ, ಬಳಸಿ. ಆದರೆ ದೂರದಿಂದ ತೆಗೆದ ಒಂದು ಫೋಟೋಗೆ ಅದು ಕೊಡುವುದು ಊಹೆಯಷ್ಟೆ. ಇಡೀ ಗಿಡ, ಎಲೆಯ ಮೇಲ್ಮೈ, ಅಡಿಮೈ, ಎಲೆ ಕಾಂಡಕ್ಕೆ ಸೇರುವ ಗಂಟು, ಹೂ, ಹೀಗೆ ಐದು ಫೋಟೋ ತೆಗೆಯಿರಿ. ಪ್ರತಿ ಸಲವೂ ಒಂದೇ ಹೆಸರು ಬಂದರೆ ಸ್ವಲ್ಪ ನಂಬಬಹುದು. ನಿಮ್ಮ ಚೀಟಿಯ ಉತ್ತರಗಳ ಜತೆ ತಾಳೆ ಹಾಕಿ. ಮನೆಯಲ್ಲಿ ಇಡುವುದಕ್ಕೆ ಇಷ್ಟು ಸಾಕು. ತಿನ್ನುವುದಕ್ಕೆ, ಮದ್ದಿಗೆ ಖಂಡಿತ ಸಾಲದು.

ಪೂರ್ತಿ ಖಾತ್ರಿ ಬೇಕೆಂದರೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರನ್ನು ಕೇಳಿ. ನಮ್ಮ ಜಿಲ್ಲೆಯವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇವೆ. ಹೂವಿರುವ ರೆಂಬೆಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಮೇಲೆ ಭಾರದ ಪುಸ್ತಕ ಹೇರಿ, ದಿನಕ್ಕೊಮ್ಮೆ ಹಾಳೆ ಬದಲಿಸಿದರೆ ವಾರ ಹತ್ತು ದಿನದಲ್ಲಿ ಒಣಗುತ್ತದೆ. ತಜ್ಞರೂ ಗಿಡದ ಮಾದರಿ ಕಾದಿಡುವುದು ಹೀಗೆಯೇ. ಈ ಪುರವಣಿ ಓದಿಯಾದ ಮೇಲೆ ಅದಕ್ಕೇ ಬಳಸಬಹುದು!

ಸಾಕುವಾಗ ನೆನಪಿರಲಿ

ನೇರಳೆ ಗಿಡಗಳಲ್ಲಿ ಹೆಚ್ಚಿನವಕ್ಕೆ ಬೆಳಗಿನ ಬಿಸಿಲು ಹಿತ, ನಡುಮಧ್ಯಾಹ್ನದ್ದು ಬೇಡ. ಮೇಲ್ಮಣ್ಣು ಒಣಗಿದ ಮೇಲೆ ನೀರು ಹಾಕಿ. ಡಬ್ಬದ ತಳಕ್ಕೆ ತೂತು ಇರಲಿ, ನಮ್ಮ ಮಳೆಗಾಲದಲ್ಲಿ ಬೇರು ಕೊಳೆಯುವುದೇ ದೊಡ್ಡ ತೊಂದರೆ. ನಾಯಿ ಸಾಕಿದವರು ಟ್ರೇಡ್‌ಸ್ಕ್ಯಾಂಶಿಯಾಗಳನ್ನು ಎತ್ತರದಲ್ಲಿ ತೂಗುಹಾಕಿ, ಅವಕ್ಕೂ ಅದರ ರಸ ತಾಗಿದರೆ ತುರಿಕೆ ಬರುತ್ತದೆ.

ಕತ್ತರಿಸಿದ ತುಂಡನ್ನು ಹಳ್ಳದ ಬದಿಗೆ, ಕಾಡಂಚಿಗೆ ಎಸೆಯಬೇಡಿ. ಗಂಟಿನಿಂದಲೇ ಬೇರು ಬಿಟ್ಟು ಹಬ್ಬುವ ಜಾತಿ ಇವು. ನಮ್ಮ ಕಾಡನ್ನು ನುಂಗುತ್ತಿರುವ ಲಂಟಾನವೂ ಒಂದು ಕಾಲದಲ್ಲಿ ಅಲಂಕಾರದ ಗಿಡವಾಗಿಯೇ ಈ ದೇಶಕ್ಕೆ ಬಂದದ್ದು.

ಹಾಗೆಯೇ ಚೆಂದ ಕಂಡಿತು ಅಂತ ಕಾಡಿನಿಂದ ಗಿಡ ಕಿತ್ತು ತರುವುದೂ ಬೇಡ. ಕುಂಡಕ್ಕೆ ಹಾಕಲು ತರಗೆಲೆ ಒಟ್ಟುವಾಗಲೂ ಹುಷಾರು. ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಕ್ಯಾಸನೂರು ಕಾಡಿನಲ್ಲಿ. ಇಂಗ್ಲಿಷಿನಲ್ಲಿ ಆ ರೋಗಕ್ಕೆ ನಮ್ಮೂರಿನದೇ ಹೆಸರು. ಅದನ್ನು ಹರಡುವ ಉಣುಗು ತರಗೆಲೆಯ ನಡುವೆ ಇರುತ್ತದೆ. ನವೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಟ ಹೆಚ್ಚು. ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿ ಹೋಗಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ತೊಳೆದುಕೊಳ್ಳಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಆ ಜ್ವರಕ್ಕೆ ಹೆಸರು ಸಿಗುವ ಮೊದಲು ನಮ್ಮ ಹಿರಿಯರು ಏನೇನು ಹೆದರಿದ್ದರೋ! ಹೆಸರು ಗೊತ್ತಾದ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದೂ ಗೊತ್ತಾಯಿತು. ಕುಂಡದ ಗಿಡದ ವಿಷಯವೂ ಅಷ್ಟೇ.

ಅತ್ತೆಯವರ ಸಕ್ಕರೆ ಈಗ ಹತೋಟಿಗೆ ಬಂದಿದೆ. ಮಾತ್ರೆಯ ಡಬ್ಬಿ ಊಟದ ಮಣೆಯ ಪಕ್ಕವೇ ಇರುತ್ತದೆ. ರಿಯೋವನ್ನು ನಾನು ಕಿತ್ತು ಎಸೆಯಲಿಲ್ಲ. ಅದರದೇನು ತಪ್ಪು, ಪಾಪ? ಕಟ್ಟೆಯ ಮೇಲೆ ಸೊಂಪಾಗಿ ಬೆಳೆದಿದೆ. ಡಬ್ಬದ ಮೇಲೆ ಬಿಳಿ ಪೇಂಟಿನಲ್ಲಿ ‘ರಿಯೋ, ತಿನ್ನಬಾರದು’ ಅಂತ ಬರೆದಿಟ್ಟಿದ್ದೇನೆ. ಬರೆಸಿದವರು ಅತ್ತೆಯವರೇ. ಮೊನ್ನೆ ಬಂದ ನೆಂಟರೊಬ್ಬರು ಒಂದು ತುಂಡು ಕೇಳಿದರು. ಅತ್ತೆ ಕಿತ್ತು ಕೊಟ್ಟು, “ಹೆಸರು ಬರ್ಕೊಂಡು ಹೋಗೇ, ಮರ್ತುಬಿಟ್ಟೀಯ” ಅಂದರು.

ಮುಂದಿನ ಸಲ ನೀವೂ ಯಾರಿಗಾದರೂ ಗಿಡದ ತುಂಡು ಕೊಡುವಾಗ ಒಂದು ಚೀಟಿಯಲ್ಲಿ ಹೆಸರು ಬರೆದು ಜತೆಗೆ ಕೊಡುತ್ತೀರಿ ತಾನೇ?